ಮೆನುವಿನಲ್ಲಿ ಕಾಣದ ಡ್ರೈವರ್ ಕರ್ನಲ್‌ನಲ್ಲಿ ಇಲ್ಲ ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹಳೆ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳುವ ಬಗ್ಗೆ ಒಂದು ಲೇಖನ ಬಂದಿತ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಂತ ಗಟ್ಟಿಮುಟ್ಟಾದ ಮಶೀನನ್ನು ಎಸೆಯಬೇಡಿ ಅಂತ ಬರೆದಿದ್ದರು. ಒಪ್ಪಿದೆ. ಬೇಡದ ಡ್ರೈವರ್‌ಗಳನ್ನು, ಅಂದರೆ ಒಂದೊಂದು ಬಿಡಿಭಾಗವನ್ನು ನಡೆಸುವ ಕೋಡನ್ನು, ತೆಗೆದು ಲಿನಕ್ಸ್‌ನ ತಿರುಳಾದ ಕರ್ನಲನ್ನು ಮೂಲ ಕೋಡಿನಿಂದ ನೀವೇ ಕಟ್ಟಿಕೊಳ್ಳಿ ಅಂತಲೂ ಬರೆದಿದ್ದರು. ಅದನ್ನೂ ಒಪ್ಪಿದೆ, ಸ್ವಲ್ಪ ಹೆದರಿಕೊಂಡೇ. ಆದರೆ ಕೊನೆಗೆ ಒಂದು ಸಾಲಿತ್ತು: ನಿಮ್ಮ ವೈಫೈ ಕಾರ್ಡಿನ ಡ್ರೈವರ್ ಕರ್ನಲ್ ಕಟ್ಟುವಾಗಿನ ಆಯ್ಕೆಗಳ ಮೆನುವಿನಲ್ಲಿ ಕಾಣದಿದ್ದರೆ ಅದಕ್ಕೆ ಲಿನಕ್ಸ್‌ನಲ್ಲಿ ಬೆಂಬಲವಿಲ್ಲ ಎಂದರ್ಥ, ಹೊಸ ಕಾರ್ಡ್ ಕೊಳ್ಳಿ. ಇದು ತಪ್ಪು. ಇದನ್ನೇ ನಂಬಿ ನಾನು ಮೊದಲೇ 650 ರೂಪಾಯಿ ಕಳೆದುಕೊಂಡಿದ್ದೇನೆ. ಇನ್ನೊಬ್ಬರು ಕಳೆದುಕೊಳ್ಳಬಾರದು ಅಂತ ಈ ಪತ್ರ.

ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಮುಂಬೈಯಲ್ಲಿ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿ 31 ವರ್ಷ ಕೂತು ನಿವೃತ್ತನಾದವನು. ಊರು ಧಾರವಾಡದ ಕಡೆ, ಮನೆ ಡೊಂಬಿವಲಿಯಲ್ಲಿ. ನಮ್ಮ ಏರಿಯಾದ ಕನ್ನಡ ಮಕ್ಕಳಿಗೆ ಶನಿವಾರ, ಭಾನುವಾರ ಒಂದು ಚಿಕ್ಕ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇವೆ. ಮುಚ್ಚಿಹೋದ ಒಂದು ಆಫೀಸಿನಿಂದ ಸಿಕ್ಕ ಆರು ಹಳೆ ಡೆಸ್ಕ್‌ಟಾಪ್ ಇವೆ. ಕೋಣೆ ಎರಡನೇ ಮಹಡಿಯಲ್ಲಿ. ಮೆಟ್ಟಿಲಿನ ಮೇಲೆ ಇಂಟರ್ನೆಟ್ ವೈರ್ ಎಳೆಯಲು ಸೊಸೈಟಿಯವರು ಬಿಡುವುದಿಲ್ಲ. ಹಾಗಾಗಿ ಪ್ರತಿ ಮಶೀನಿಗೂ ಯುಎಸ್‌ಬಿ ವೈಫೈ ಡಾಂಗಲ್ ಬೇಕು. ಡಾಂಗಲ್‌ಗಳೂ ಹಳೆಯವೇ, ಒಂದೊಂದು ಒಂದೊಂದು ಬಣ್ಣದ್ದು.

ಲಿನಕ್ಸ್ ಹಾಕಿದೆವು, ಎಲ್ಲಾ ನಡೆಯಿತು, ವೈಫೈ ಕೂಡ. ಅಲ್ಲಿಗೇ ಸುಮ್ನೆ ಕೂತಿದ್ದರೆ ಈ ಪತ್ರ ಬರೆಯಬೇಕಾಗಿರಲಿಲ್ಲ. ಆದರೆ ನನಗೆ ಕೈ ಸುಮ್ಮನಿರಲ್ಲ ನೋಡಿ, ಕರ್ನಲ್ ಸಣ್ಣ ಮಾಡೋಣ ಅಂತ ಹೊರಟೆ.

ಓದುಗರಿಗೆ ಒಂದೆರಡು ಮಾತು ಹೇಳಬೇಕು. ಹಾರ್ಡ್‌ವೇರ್‌ಗೂ ನಾವು ಬಳಸುವ ಪ್ರೋಗ್ರಾಮ್‌ಗಳಿಗೂ ನಡುವೆ ಕೂತು ಎಲ್ಲವನ್ನೂ ನಡೆಸುವುದು ಕರ್ನಲ್. ಲಿನಕ್ಸ್ ಕರ್ನಲ್ ಕಟ್ಟುವ ಮುಂಚೆ ಅದು ಕೇಳುವ ಪ್ರಶ್ನೆಗಳು ಒಂದೆರಡಲ್ಲ, ಈಗ 15,000ಕ್ಕೂ ಜಾಸ್ತಿ ಆಯ್ಕೆಗಳಿವೆ, ಅದರಲ್ಲಿ ಬಹುಪಾಲು ಡ್ರೈವರ್‌ಗಳದ್ದೇ. ಹೆಚ್ಚಿನವಕ್ಕೆ ಮೂರು ಉತ್ತರ ಕೊಡಬಹುದು. ವೈ ಅಂದರೆ ಕರ್ನಲ್ ಒಳಗೇ ಸೇರಿಸು. ಎಂ ಅಂದರೆ ಬೇರೆ ಮಾಡ್ಯೂಲ್ ಆಗಿ ಇಡು, ಬೇಕಾದಾಗ ಎತ್ತಿಕೊಳ್ಳುತ್ತೇನೆ. ಎನ್ ಅಂದರೆ ಬೇಡ. ಈ ಉತ್ತರಗಳೆಲ್ಲ ಡಾಟ್ ಕಾನ್ಫಿಗ್ ಅನ್ನೋ ಒಂದು ಫೈಲಿನಲ್ಲಿ ಕೂರುತ್ತವೆ. ಯಾವ ಪ್ರಶ್ನೆ ಯಾವುದರ ಮೇಲೆ ನಿಂತಿದೆ ಅನ್ನುವ ಲೆಕ್ಕ ಇಡುವುದು ಕೆಕಾನ್ಫಿಗ್.

ಅಷ್ಟೂ ಪ್ರಶ್ನೆಗೆ ಕೂತು ಉತ್ತರ ಕೊಡುವವರು ಯಾರು? ಅದಕ್ಕೊಂದು ಸುಲಭದ ದಾರಿ ಇದೆ, ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಅನ್ನುವ ಕಮಾಂಡ್. ಈ ಗಳಿಗೆಯಲ್ಲಿ ಮಶೀನಿನಲ್ಲಿ ಯಾವ ಮಾಡ್ಯೂಲ್‌ಗಳು ಓಡುತ್ತಿವೆ ಅಂತ ನೋಡಿ, ಅವನ್ನು ಮತ್ತು ಅವಕ್ಕೆ ಬೇಕಾದವನ್ನು ಮಾತ್ರ ಉಳಿಸಿ, ಉಳಿದ ಮಾಡ್ಯೂಲ್‌ಗಳನ್ನು ಬಿಟ್ಟುಬಿಡುತ್ತದೆ. 2009ರಲ್ಲಿ ಬಂದ 2.6.32 ಕರ್ನಲ್‌ನಿಂದಲೂ ಇದು ಜೊತೆಗೇ ಸಿಗುತ್ತದೆ. ನಾನು ಅದನ್ನೇ ಓಡಿಸಿದೆ. ಆದರೆ ಆಗ ಆ ಮಶೀನಿನ ಡಾಂಗಲ್ ನನ್ನ ಶರ್ಟಿನ ಜೇಬಿನಲ್ಲಿತ್ತು! ಹಿಂದಿನ ವಾರ ಮಕ್ಕಳು ಕಳೆದುಹಾಕುತ್ತಾರೆ ಅಂತ ತೆಗೆದಿಟ್ಟುಕೊಂಡಿದ್ದೆ, ಮರೆತಿದ್ದೆ. ಡಾಂಗಲ್ ಇಲ್ಲ, ಹಾಗಾಗಿ ವೈಫೈ ಮಾಡ್ಯೂಲ್ ಯಾವುದೂ ಓಡುತ್ತಿರಲಿಲ್ಲ. ಅದು ವೈಫೈಗೆ ಸಂಬಂಧಪಟ್ಟದ್ದನ್ನೆಲ್ಲ ನೀಟಾಗಿ ಗುಡಿಸಿ ಹಾಕಿತು. ಹೇಳಿದ ಕೆಲಸ ಮಾಡಿತು, ಅದರದ್ದೇನು ತಪ್ಪು?

ರಾತ್ರಿಯಿಡೀ ಕಟ್ಟಿ ಬೆಳಗ್ಗೆ ಹೊಸ ಕರ್ನಲ್‌ನಲ್ಲಿ ಶುರು ಮಾಡಿದರೆ ವೈಫೈ ಇಲ್ಲ. ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ ತೋರಿಸುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟೆ. ಡಾಂಗಲ್ ಕಾಣುತ್ತಿದೆ, ರಾಲಿಂಕ್ ಚಿಪ್, ನಂಬರ್ 148ಎಫ್:3070. ಸರಿ, ಡ್ರೈವರ್ ಬಿಟ್ಟುಹೋಗಿದೆ, ಸೇರಿಸೋಣ ಅಂತ, ಆಯ್ಕೆಗಳನ್ನು ಮೆನುವಾಗಿ ತೋರಿಸುವ ಮೇಕ್ ಮೆನುಕಾನ್ಫಿಗ್ ತೆರೆದೆ. ನೀಲಿ ಪರದೆ, ಬೂದು ಪೆಟ್ಟಿಗೆ. ಡಿವೈಸ್ ಡ್ರೈವರ್ಸ್ ಒಳಗೆ ನೆಟ್‌ವರ್ಕ್, ಅದರೊಳಗೆ ವೈರ್‌ಲೆಸ್ ಲ್ಯಾನ್. ಅಲ್ಲಿ ಕಂಪನಿಗಳ ಪಟ್ಟಿ. ರಾಲಿಂಕ್ ಡಿವೈಸಸ್ ಅಂತ ಸ್ಪಷ್ಟವಾಗಿ ಇದೆ, ಮುಂದೆ ನಕ್ಷತ್ರ ಕೂಡ ಬಿದ್ದಿದೆ, ಅಂದರೆ ಆನ್ ಇದೆ. ಅದರ ಕೆಳಗೆ? ಏನೂ ಇಲ್ಲ. ನೇರವಾಗಿ ಮುಂದಿನ ಕಂಪನಿಯ ಹೆಸರು. ಬೋರ್ಡು ಹಾಕಿದ್ದಾರೆ, ಅಂಗಡಿಯೇ ಇಲ್ಲ.

ನಿಮ್ಮ ಲೇಖಕರಂತೆಯೇ ನಾನೂ ಯೋಚಿಸಿದೆ. ಹಳೆ ಚಿಪ್, ಡ್ರೈವರ್ ತೆಗೆದುಹಾಕಿರಬೇಕು ಅಂದುಕೊಂಡೆ. ಡಾಂಗಲನ್ನು ಬೇರೆ ವೈರುಗಳ ಜೊತೆ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕಿಲೋ ಲೆಕ್ಕದಲ್ಲಿ ಹಾಕಿದೆ. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು, ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಲಿನಕ್ಸ್‌ಗೆ ನಡೆಯುವುದು ಕೊಡಿ ಅಂದೆ. 650 ರೂಪಾಯಿ ಕೊಟ್ಟು ಮನೆಗೆ ಬಂದು ಚುಚ್ಚಿ ನೋಡಿದರೆ, ಡಬ್ಬಿ ಹೊಸದು, ಒಳಗಿನ ಚಿಪ್ ಅದೇ 148ಎಫ್:3070. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಲಿನಕ್ಸ್‌ನಲ್ಲಿ ನಡೆಯುವ ಚಿಪ್ಪೇ ಅದು.

ಆಮೇಲೆ ಹಟ ಹಿಡಿದು ಡಾಟ್ ಕಾನ್ಫಿಗ್ ಫೈಲನ್ನೇ ಎಡಿಟರ್‌ನಲ್ಲಿ ತೆರೆದೆ. ಎಲ್ಲಿಂದಲೋ ಈ ಚಿಪ್ಪಿನ ಡ್ರೈವರ್ ಹೆಸರು ಹುಡುಕಿ, ಕಾನ್ಫಿಗ್_ಆರ್‌ಟಿ2800ಯುಎಸ್‌ಬಿ ಈಕ್ವಲ್ಸ್ ಎಂ ಅಂತ ಕೈಯಾರೆ ಬರೆದೆ, ಸೇವ್ ಮಾಡಿದೆ, ಕೆಕಾನ್ಫಿಗ್ ಆ ಫೈಲನ್ನು ತಾಳೆ ನೋಡಲಿ ಅಂತ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಕೊಟ್ಟೆ. ಮತ್ತೆ ತೆರೆದು ನೋಡಿದರೆ ನಾನು ಬರೆದ ಸಾಲೇ ಇಲ್ಲ. 'ಸೆಟ್ ಆಗಿಲ್ಲ' ಅಂತಲಾದರೂ ಬರೆದಿರಬೇಕಲ್ವಾ? ಅದೂ ಇಲ್ಲ. ನಮ್ಮ ಬ್ಯಾಂಕಿನಲ್ಲಿ ಲೆಡ್ಜರಿನ ಸಾಲು ಹೀಗೆ ಮಾಯವಾಗಿದ್ದರೆ ಇಬ್ಬರ ಕೆಲಸ ಹೋಗುತ್ತಿತ್ತು.

ಅಣ್ಣನ ಮಗಳು ಪುಣೆಯಲ್ಲಿ ಕೆಲಸ ಮಾಡುತ್ತಾಳೆ, ಹಿಂಜವಡಿಯ ಕಡೆ. ಕರ್ನಲ್ ಡ್ರೈವರ್ ಬರೆಯುವುದೇ ಅವಳ ಕಸುಬು. ಭಾನುವಾರ ಊಟಕ್ಕೆ ಬಂದವಳು ಪರದೆ ನೋಡಿ ನಕ್ಕಳು. "ಕಾಕಾ, ಡ್ರೈವರ್ ಇಲ್ಲಂತಲ್ಲ. ನಿಮಗ ತೋರಸವಲ್ದು, ಅಷ್ಟ." ಮೆನುಕಾನ್ಫಿಗ್‌ನಲ್ಲಿ ಸ್ಲ್ಯಾಷ್ ಕೀ ಒತ್ತಿದಳು. ಹುಡುಕುವ ಪೆಟ್ಟಿಗೆ ಬಂತು. ಆರ್‌ಟಿ2800ಯುಎಸ್‌ಬಿ ಅಂತ ಟೈಪ್ ಮಾಡಿದಳು. ಬಂತು ನೋಡಿ ಜಾತಕ! ಡಿಪೆಂಡ್ಸ್ ಆನ್ ಅಂತ ಒಂದು ಸಾಲು, ಅದರಲ್ಲಿ ಒಂದೊಂದರ ಪಕ್ಕದಲ್ಲೂ ಚೌಕ ಕಂಸದಲ್ಲಿ ಅದರ ಈಗಿನ ಉತ್ತರ. ಯುಎಸ್‌ಬಿ ವೈ. ವೈರ್‌ಲೆಸ್ ಲ್ಯಾನ್ ವೈ. ರಾಲಿಂಕ್ ವೈ. ಆರ್‌ಟಿ2ಎಕ್ಸ್00 ಎನ್. ಸಿಕ್ಕಿಬಿತ್ತು. ಈಗ ಆ ಆರ್‌ಟಿ2ಎಕ್ಸ್00 ಹುಡುಕಿದರೆ ಅದಕ್ಕೆ ಮ್ಯಾಕ್80211 ಬೇಕು. ಅದನ್ನು ಹುಡುಕಿದರೆ ಅದಕ್ಕೆ ಸಿಎಫ್‌ಜಿ80211 ಬೇಕು. ಈ ಕೊನೆಯ ಎರಡು, ವೈಫೈ ಡ್ರೈವರ್‌ಗಳು ಹಂಚಿಕೊಳ್ಳುವ ಕೋಡ್, ಡ್ರೈವರ್‌ಗಳ ಮೆನುವಿನಲ್ಲೇ ಇಲ್ಲ. ನೆಟ್‌ವರ್ಕಿಂಗ್ ಸಪೋರ್ಟ್ ಅನ್ನುವ ಬೇರೆಯೇ ಮೆನುವಿನಲ್ಲಿ, ವೈರ್‌ಲೆಸ್ ಅನ್ನುವ ಕೋಣೆಯಲ್ಲಿವೆ. ಅಲ್ಲಿ ಹೋಗಿ ಎರಡಕ್ಕೂ ಎಂ ಕೊಟ್ಟು ವಾಪಸ್ ಬಂದರೆ, ಖಾಲಿ ಇದ್ದ ಬೋರ್ಡಿನ ಕೆಳಗೆ ರಾಲಿಂಕ್ ಡ್ರೈವರ್ ಸಪೋರ್ಟ್ ಅನ್ನುವ ಸಾಲು ಎದ್ದು ಕೂತಿತ್ತು. ಅದೇ ಆ ಆರ್‌ಟಿ2ಎಕ್ಸ್00, ಅದಕ್ಕೂ ಎಂ ಕೊಟ್ಟರೆ ಒಳಗೆ ಡ್ರೈವರ್‌ಗಳ ಪಟ್ಟಿ. ಮೂಲ ಕೋಡ್ ಮೊದಲಿನಿಂದಲೂ ಡಿಸ್ಕಿನಲ್ಲೇ ಇತ್ತು. ನಾನು ಭಂಗಾರಕ್ಕೆ ಹಾಕಿದ್ದು ಚೆನ್ನಾಗಿರುವ ಡಾಂಗಲ್.

ನನ್ನ ಕೈಬರಹದ ಸಾಲು ಮಾಯವಾಗಿದ್ದಕ್ಕೂ ಇದೇ ಕಾರಣ. ಅವಲಂಬನೆ ಪೂರ್ತಿಯಾಗದ ಆಯ್ಕೆಯನ್ನು ಕೆಕಾನ್ಫಿಗ್ ಫೈಲಿನಲ್ಲಿ ಬರೆಯುವುದೇ ಇಲ್ಲ.

ಇದನ್ನು ನನಗೆ ಅರ್ಥವಾಗುವ ಭಾಷೆಗೆ ಹಾಕಿಕೊಂಡೆ. ಡಿಪೆಂಡ್ಸ್ ಆನ್ ಅಂದರೆ ನಮ್ಮ ಸಾಲದ ಕೌಂಟರ್. ಜಾಮೀನುದಾರ ಇಲ್ಲದೆ ಬಂದವನಿಗೆ ಫಾರ್ಮೇ ಕೊಡುವುದಿಲ್ಲ. ಅವನು ಫಾರ್ಮ್ ಕಾಣದೆ, ಈ ಬ್ಯಾಂಕಿನಲ್ಲಿ ಸಾಲದ ಯೋಜನೆಯೇ ಇಲ್ಲ ಅಂತ ತಿಳಿದು ಎದ್ದು ಹೋಗುತ್ತಾನೆ. ನಾನು ಹಾಗೆಯೇ ಎದ್ದು ಲ್ಯಾಮಿಂಗ್ಟನ್ ರೋಡಿಗೆ ಹೋದದ್ದು.

ಹಾಗಾದರೆ ಡ್ರೈವರ್‌ಗೆ ಬೇಕಾದ್ದನ್ನೆಲ್ಲ ತಾನೇ ಆನ್ ಮಾಡಿಕೊಳ್ಳಬಾರದೇನು ಅಂತ ಕೇಳಿದೆ. ಮಾಡಿಕೊಳ್ಳಬಹುದು, ಅದಕ್ಕೆ ಸೆಲೆಕ್ಟ್ ಅಂತ ಇದೆ, ಆದರೆ ಅದನ್ನು ಕಂಡರೆ ನಮಗೆ ಭಯ ಅಂದಳು. ಕಾರಣ ಕೇಳಿ ನನಗೂ ಭಯವಾಯಿತು. ಒಂದು ಡ್ರೈವರ್ ಇನ್ನೊಂದನ್ನು ಸೆಲೆಕ್ಟ್ ಮಾಡಿದರೆ, ಆ ಇನ್ನೊಂದು ಬಲವಂತವಾಗಿ ಆನ್ ಆಗುತ್ತದೆ. ಅದಕ್ಕೆ ಏನು ಬೇಕು, ಅದೆಲ್ಲ ಇದೆಯೋ ಇಲ್ಲವೋ, ಯಾರೂ ನೋಡುವುದಿಲ್ಲ. ಅಂದರೆ ಮ್ಯಾನೇಜರ್ ಸಾಹೇಬರು ಮೇಲಿನಿಂದ ಒತ್ತಿ ಫೈಲಿನಲ್ಲಿ ಜಾಮೀನುದಾರನ ಹೆಸರು ತಾವೇ ಬರೆದು ಹಾಕಿದ ಹಾಗೆ, ಆ ಮನುಷ್ಯ ಬದುಕಿದ್ದಾನೋ ಇಲ್ಲವೋ ವಿಚಾರಿಸದೆ. ಕೆಕಾನ್ಫಿಗ್ ಆಗ 'ಅನ್‌ಮೆಟ್ ಡೈರೆಕ್ಟ್ ಡಿಪೆಂಡೆನ್ಸೀಸ್' ಅಂತ ಒಂದು ಎಚ್ಚರಿಕೆ ಹೇಳುತ್ತದೆ, ಸಾಮಾನ್ಯವಾಗಿ ಅಷ್ಟೇ, ನಿಲ್ಲುವುದಿಲ್ಲ. ಎಚ್ಚರಿಕೆ ಪರದೆಯ ಮೇಲಕ್ಕೆ ಸರಿದು ಹೋಗುತ್ತದೆ. ಗಂಟೆಗಟ್ಟಲೆ ಕಟ್ಟಿದ ಮೇಲೆ ಕೊನೆಯಲ್ಲಿ ತುಣುಕುಗಳನ್ನೆಲ್ಲ ಜೋಡಿಸುವ, ಅಂದರೆ ಲಿಂಕ್ ಮಾಡುವ ಹೊತ್ತಿಗೆ, ಈ ಫಂಕ್ಷನ್ ಎಲ್ಲೂ ಸಿಗಲಿಲ್ಲ ಅಂತ ಕೈ ಎತ್ತುತ್ತದೆ.

ಕರ್ನಲ್‌ನ ದಾಖಲೆಯಲ್ಲೇ ಇದಕ್ಕೆ ನಿಯಮ ಬರೆದಿದ್ದಾರೆ. ಸೆಲೆಕ್ಟನ್ನು ಎಚ್ಚರದಿಂದ ಬಳಸಿ. ಮೆನುವಿನಲ್ಲಿ ಯಾರಿಗೂ ಕಾಣದ ಆಯ್ಕೆಗಳಿಗೆ, ಮತ್ತು ತಮಗೇ ಯಾವ ಅವಲಂಬನೆಯೂ ಇಲ್ಲದವಕ್ಕೆ ಮಾತ್ರ ಇಟ್ಟುಕೊಳ್ಳಿ. ನಮ್ಮ ಡಾಂಗಲ್ಲಿನ ಡ್ರೈವರೇ ಒಳ್ಳೆ ಉದಾಹರಣೆ. ಅದು ಯುಎಸ್‌ಬಿಯನ್ನು ಬೇಡಿ ನಿಲ್ಲುತ್ತದೆ, ಅಂದರೆ ಡಿಪೆಂಡ್ಸ್ ಆನ್. ತನ್ನ ಒಳಮನೆಯ ಆರ್‌ಟಿ2800 ಲೈಬ್ರರಿಯಂಥವನ್ನು ಸೆಲೆಕ್ಟ್ ಮಾಡುತ್ತದೆ. ಆ ಲೈಬ್ರರಿ ನನಗೆ ನಿಮಗೆ ಮೆನುವಿನಲ್ಲಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಮನೆಯ ಪಾತ್ರೆಯನ್ನು ಕೇಳದೆ ತೆಗೆದುಕೊಳ್ಳಬಹುದು, ಪಕ್ಕದ ಮನೆಯದ್ದನ್ನು ಕೇಳಿಯೇ ತರಬೇಕು, ಅಷ್ಟೇ ಲೆಕ್ಕ. 'ಹೋಗಲಿ ಬಿಡು, ಸೆಲೆಕ್ಟ್ ಹಾಕಿದರೆ ಬಳಕೆದಾರನಿಗೆ ಸುಲಭ' ಅಂತ ಡ್ರೈವರ್ ಬರೆಯುವವರು ಕಂಡಕಂಡಲ್ಲಿ ಹಾಕುತ್ತಾರಂತೆ, ಪ್ಯಾಚ್, ಅಂದರೆ ಕೋಡಿನ ಬದಲಾವಣೆ, ಪರಿಶೀಲಿಸುವಾಗ ಜಗಳ ಜಾಸ್ತಿ ಇದರ ಮೇಲೇ ಅಂದಳು.

ಇನ್ನೊಂದು ತಮಾಷೆ. ಸಿಎಫ್‌ಜಿ80211ರ ಅವಲಂಬನೆಯ ಸಾಲಿನಲ್ಲಿ 'ಆರ್‌ಎಫ್‌ಕಿಲ್ ಅಥವಾ ಆರ್‌ಎಫ್‌ಕಿಲ್ ಅಲ್ಲ' ಅಂತ ಬರೆದಿದೆ. ಆರ್‌ಎಫ್‌ಕಿಲ್ ಅಂದರೆ ವೈಫೈಯಂಥ ರೇಡಿಯೋಗಳನ್ನು ಆಫ್ ಮಾಡುವ ಸ್ವಿಚ್ಚಿನ ಕೋಡ್. ನಾನು ಬರೆದವರಿಗೆ ತಲೆ ಕೆಟ್ಟಿದೆ ಅಂದೆ. ಇದೆ ಅಥವಾ ಇಲ್ಲ ಅಂದರೆ ಯಾವಾಗಲೂ ಸರಿಯೇ ಅಲ್ವಾ, ಅದನ್ನು ಬರೆಯುವುದು ಯಾಕೆ? ಎರಡೇ ಉತ್ತರ ಇದ್ದಿದ್ದರೆ ನನ್ನ ಮಾತು ಸರಿ. ಇಲ್ಲಿರುವುದು ಮೂರು. ಎನ್‌ಗೆ 0, ಎಂಗೆ 1, ವೈಗೆ 2 ಅಂತ ಲೆಕ್ಕ. 'ಅಥವಾ' ಅಂದರೆ ಎರಡರಲ್ಲಿ ದೊಡ್ಡದು, 'ಅಲ್ಲ' ಅಂದರೆ 2ರಲ್ಲಿ ಕಳೆಯುವುದು. ಆರ್‌ಎಫ್‌ಕಿಲ್ ವೈ ಆಗಿದ್ದರೆ 2 ಬರುತ್ತದೆ. ಎನ್ ಆಗಿದ್ದರೂ 2 ಬರುತ್ತದೆ. ಎಂ ಆಗಿದ್ದರೆ ಮಾತ್ರ, 1ಕ್ಕೆ 'ಅಲ್ಲ' ಹಾಕಿದರೂ 1, ದೊಡ್ಡದು 1. ಅಂದರೆ ಸಿಎಫ್‌ಜಿ80211 ಕೂಡ ಎಂ ಆಗಬಹುದು, ವೈ ಆಗುವ ಹಾಗಿಲ್ಲ. ಮತ್ತೆ ಕೌಂಟರಿಗೇ ಬರುತ್ತೇನೆ. ಜಾಮೀನುದಾರ ಬೇಡದ ಸಾಲವಾದರೆ ಸರಿ. ಜಾಮೀನುದಾರ ಎದುರಿಗೇ ಕೂತಿದ್ದರೂ ಸರಿ. 'ಆಮೇಲೆ ಬರ್ತಾನೆ' ಅಂದರೆ, ಅವನು ಬಂದ ಮೇಲೆಯೇ ದುಡ್ಡು. ಕರ್ನಲ್ ಒಳಗೆ ಖಾಯಂ ಕೂತ ಕೋಡ್, ಇನ್ನೂ ಲೋಡ್ ಆಗದ ಮಾಡ್ಯೂಲಿನ ಫಂಕ್ಷನ್ನನ್ನು ಕರೆಯಲಾಗದು.

ಇದನ್ನು ಪರೀಕ್ಷೆ ಮಾಡಿಯೇ ನೋಡಿದೆ. ಆರ್‌ಎಫ್‌ಕಿಲ್ ಎಂ ಇಟ್ಟು, ಸಿಎಫ್‌ಜಿ80211ರ ಮೇಲೆ ವೈ ಒತ್ತಿದೆ. ವೈ ಬರಲಿಲ್ಲ, ಎಂ ಬಂತು. ಜೊತೆಗೆ ಒಂದು ಪೆಟ್ಟಿಗೆ ತೆರೆದುಕೊಂಡು, ಇದು ಅವಲಂಬಿಸಿರುವ ಇನ್ನೊಂದು ಮಾಡ್ಯೂಲ್ ಆಗಿದೆ, ಹಾಗಾಗಿ ಇದೂ ಮಾಡ್ಯೂಲ್ ಆಗುತ್ತದೆ ಅಂತ ಇಂಗ್ಲಿಷ್‌ನಲ್ಲಿ ಮರ್ಯಾದೆಯಿಂದ ತಿಳಿಸಿತು. ನನಗೆ ಸಿಟ್ಟು ಬಂದದ್ದು ಇಲ್ಲೇ. ಇಲ್ಲಿ ಎರಡು ಸಾಲು ಹೇಳಲು ಬರುವ ಮೆನುವಿಗೆ, ಅಲ್ಲಿ ಖಾಲಿ ಬೋರ್ಡಿನ ಕೆಳಗೆ 'ಇನ್ನೂ ಕೆಲವು ಅಡಗಿವೆ, ಮ್ಯಾಕ್80211 ಆನ್ ಮಾಡಿ' ಅಂತ ಒಂದು ಸಾಲು ಹೇಳಲು ಏನು ಕಷ್ಟ? ಅಣ್ಣನ ಮಗಳು ಒಪ್ಪುವುದಿಲ್ಲ. "ಎಲ್ಲಾ ತೋರ್ಸಿದ್ರ ನೀವು ಮುಳುಗಿ ಹೋಗ್ತೀರಿ ಕಾಕಾ" ಅನ್ನುತ್ತಾಳೆ. ನೋಡಲೇಬೇಕಾದರೆ ಝಡ್ ಕೀ ಒತ್ತಿ, ಅಡಗಿರುವವೆಲ್ಲ ಕಾಣುತ್ತವೆ ಅಂದಳು. ಒತ್ತಿದೆ, ನಿಜ, ಕಂಡವು. ಆದರೆ ಅಡಗಿದೆ ಅಂತಲೇ ಗೊತ್ತಿಲ್ಲದವನು ಝಡ್ ಯಾಕೆ ಒತ್ತುತ್ತಾನೆ? ಈ ವಾದ ನಮ್ಮಿಬ್ಬರಲ್ಲಿ ಇನ್ನೂ ಮುಗಿದಿಲ್ಲ.

ಈ ಕೆಕಾನ್ಫಿಗ್ ಬಂದದ್ದು 2002ರ ಅಕ್ಟೋಬರ್‌ನಲ್ಲಿ, 2.5.45 ಕರ್ನಲ್ ಜೊತೆಗೆ, ಬರೆದವರು ರೋಮನ್ ಜಿಪೆಲ್. ಅದಕ್ಕೂ ಮುಂಚೆ ಎರಿಕ್ ರೇಮಂಡ್ ಅವರು ಸಿಎಂಎಲ್2 ಅಂತ ಇನ್ನೊಂದನ್ನು ಪೈಥಾನ್‌ನಲ್ಲಿ ಬರೆದು ತಂದಿದ್ದರು. ಕರ್ನಲ್‌ನವರು ಅದನ್ನು ಸೇರಿಸಿಕೊಳ್ಳಲಿಲ್ಲ. ಅವಲಂಬನೆಯ ತಲೆನೋವು ಆಗಲೂ ಇತ್ತು, ಈಗಲೂ ಇದೆ. ಎ ಬೇಕಾದರೆ ಬಿ ಬೇಕು, ಬಿ ಬೇಕಾದರೆ ಎ ಬೇಕು ಅಂತ ಸುತ್ತು ಹೊಡೆದರೆ 'ರಿಕರ್ಸಿವ್ ಡಿಪೆಂಡೆನ್ಸಿ' ಅಂತ ತಪ್ಪು ತೋರಿಸುತ್ತದೆ. ಅದು ನಮ್ಮಂಥವರಿಗೆ ಬರುವುದಿಲ್ಲ, ಬರೆಯುವವರ ಗೋಳು.

ನಮ್ಮಂಥವರಿಗೆ ಬರುವುದು ಇನ್ನೊಂದು. ಹೊಸ ಕರ್ನಲ್ ಹಾಕಿದ ಮೇಲೂ ವೈಫೈ ಎದ್ದೇಳಲಿಲ್ಲ! ಡ್ರೈವರ್ ಲೋಡ್ ಆಗಿದೆ, ಅವಲಂಬನೆ ಎಲ್ಲಾ ಸರಿ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ನೋಡಿದರೆ ಆರ್‌ಟಿ2870 ಡಾಟ್ ಬಿನ್ ಅನ್ನೋ ಫರ್ಮ್‌ವೇರ್ ಫೈಲ್, ಅಂದರೆ ಚಿಪ್ಪಿನೊಳಗೆ ಓಡುವ ಪ್ರೋಗ್ರಾಮ್, ಸಿಗಲಿಲ್ಲ ಅಂತಿದೆ. ಜಾಗ ಉಳಿಸಲು ಫರ್ಮ್‌ವೇರ್ ಪ್ಯಾಕೇಜನ್ನೂ ನಾನೇ ತೆಗೆದುಹಾಕಿದ್ದೆ. ಫರ್ಮ್‌ವೇರ್ ಡಿಸ್ಕಿನಲ್ಲಿ ಇದೆಯೋ ಇಲ್ಲವೋ ಅನ್ನುವುದು ಕೆಕಾನ್ಫಿಗ್‌ಗೆ ಗೊತ್ತಾಗುವುದೇ ಇಲ್ಲ, ಅದರ ಲೆಕ್ಕ ಕೋಡಿನ ಮಟ್ಟಿಗೆ ಮಾತ್ರ. ಪ್ಯಾಕೇಜ್ ವಾಪಸ್ ಹಾಕಿದೆ, ಡಾಂಗಲ್ಲಿನ ದೀಪ ಮಿನುಗಿತು.

ಆದ್ದರಿಂದ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ, ಅದೇ ಪುಟದಲ್ಲಿ, ಕಾಣುವ ಅಕ್ಷರದಲ್ಲಿ. ಡ್ರೈವರ್ ಕಾಣದಿದ್ದರೆ ಮೊದಲು ಸ್ಲ್ಯಾಷ್ ಒತ್ತಿ ಹೆಸರಿನಿಂದ ಹುಡುಕಿ, ಎನ್ ಅಂತ ಇರುವ ಕೊಂಡಿಯನ್ನು ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಹುಡುಕಿದರೂ ಹೆಸರೇ ಬಾರದಿದ್ದರೆ, ಆಗ ಬೇಕಾದರೆ ಅಂಗಡಿಗೆ ಹೋಗಿ. ಲೋಕಲ್‌ಮಾಡ್‌ಕಾನ್ಫಿಗ್ ಓಡಿಸುವ ಮುಂಚೆ ಮನೆಯಲ್ಲಿರುವ ಡಾಂಗಲ್, ಪ್ರಿಂಟರ್, ಪೆನ್‌ಡ್ರೈವ್, ವೆಬ್‌ಕ್ಯಾಮ್ ಎಲ್ಲಾ ಚುಚ್ಚಿ, ಒಂದು ಸಲ ಬಳಸಿ, ಆಮೇಲೆ ಓಡಿಸಿ. ಕೆಲಸ ಮಾಡುತ್ತಿದ್ದ ಹಳೆ ಡಾಟ್ ಕಾನ್ಫಿಗ್‌ನ ಒಂದು ಪ್ರತಿ ಬೇರೆ ಕಡೆ ಇಡಿ, ಹಳೆ ಕರ್ನಲನ್ನು ಅಳಿಸಬೇಡಿ. ಕನ್ನಡದಲ್ಲಿ ಇಂಥ ವಿಷಯ ಬರೆಯುವವರೇ ಕಡಿಮೆ, ನಿಮ್ಮ ಲೇಖಕರು ಬರೆದಿದ್ದಕ್ಕೆ ನನಗೆ ಖುಷಿಯೇ ಇದೆ. ಮುಂದಿನ ಸಲ ಅವಲಂಬನೆಯ ಬಗ್ಗೆಯೇ ಒಂದು ಪೂರ್ತಿ ಲೇಖನ ಬರೆಯಲಿ.

ಭಂಗಾರದವನ ಹತ್ತಿರ ಮೊನ್ನೆ ಹೋಗಿದ್ದೆ. ಡಾಂಗಲ್ ಇನ್ನೂ ಅವನ ಡಬ್ಬಿಯಲ್ಲೇ ಇತ್ತು. ಕಿಲೋ ಲೆಕ್ಕದಲ್ಲಿ ಕೊಂಡವನು ಈಗ ಬಿಡಿ ಲೆಕ್ಕದಲ್ಲಿ 80 ರೂಪಾಯಿ ಕೇಳಿದ. ಕೊಟ್ಟು ತಂದೆ, ಆರನೇ ಮಶೀನಿಗೆ ಹಾಕಿದ್ದೇನೆ.

ಇತಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಡೊಂಬಿವಲಿ ಪೂರ್ವ